ರಿವರ್ಸ್ ಗೇರಿನಲ್ಲಿ ನಿಮ್ಮ ದನಿ

ಪರಮಪೂಜ್ಯ ಅಪ್ಪನವರ ಸನ್ನಿಧಾನಕ್ಕೆ ಕಿಡಿಗೇಡಿ ಮಗ ಲೋಹಿತ ಸಲ್ಲಿಸುವ ವರದಿ.

ಇವತ್ತು ಬೆಳಿಗ್ಗೆ ನಿಮ್ಮ ಮೆಟಡಾರ್ ಮಾರಾಟವಾಯಿತು. ನೀವೇ ಮಂಚ, ಒಲೆ, ನೀರಿನ ಟ್ಯಾಂಕು ಕೂಡಿಸಿ, ಮೂವತ್ತು ವರ್ಷ ಒರೆಸಿ ಒರೆಸಿ ಇಟ್ಟುಕೊಂಡಿದ್ದ ಗಾಡಿ. ಕೊಂಡವರು ದೀಪಾಂಜಲಿ ನಗರದ ಶ್ರೀಶೈಲ, ಹುಬ್ಬಳ್ಳಿ ಕಡೆಯವರು. "ಮಸ್ತ್ ಇಟ್ಟೀರಿ ಬಿಡ್ರಿ" ಎಂದರು.

ನನಗಿದ್ದದ್ದು ಒಂದೇ ಭಯ. ರಿವರ್ಸ್ ಹಾಕಿದಾಗ ಹಾಡು ಬರುವ ಬದಲು, ನಿಮಗೆ ಗೊತ್ತಾಗದಂತೆ ರೆಕಾರ್ಡ್ ಮಾಡಿದ ನಿಮ್ಮದೇ ಬೈಗುಳ ಸೇರಿಸಿದ್ದೆನಲ್ಲ? ನೀವು ತೀರಿಕೊಂಡ ಮೇಲೆ ಬಿಚ್ಚಲು ಕೈ ಬರಲಿಲ್ಲ. ಅಮ್ಮನಿಗೆ ಕೇಳಿಸಬಾರದೆಂದು ಆರು ತಿಂಗಳು ಇಡೀ ಆರ್‌ಪಿಸಿ ಲೇಔಟ್ ಸುತ್ತಿ ಬಂದೆನೇ ಹೊರತು ರಿವರ್ಸ್ ಹಾಕಲಿಲ್ಲ.

ಶ್ರೀಶೈಲ ಡ್ರೈವರ್ ಸೀಟಿಗೆ ಹತ್ತಿದರು. ಅಮ್ಮ ಬಂದು ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಳು.

"ಮುಂದಕ್ಕೇ ಹೋಗ್ಬೇಕು ಸಾರ್, ಶಾಸ್ತ್ರ" ಎಂದೆ, ಪುರೋಹಿತರ ಗಾಂಭೀರ್ಯದಲ್ಲಿ.

"ಹಿಂದಿನ ಗೇರೂ ನೋಡಬೇಕಲ್ರೀ" ಎಂದವರು ಹಾಕಿಯೇ ಬಿಟ್ಟರು.

"ಬರ್ಲಿ, ಬರ್ಲಿ! ಜಾಗ ಐತೆ, ಬಾರೋ ಕತ್ತೆ!"

ಶ್ರೀಶೈಲ ಬ್ರೇಕ್ ಒತ್ತಿದರು. "ಯಾರ ದನಿರೀ ಇದು?"

"ಅಂಗಡೀಲೇ ಹಾಕ್ಕೊಟ್ಟಿದ್ದು ಸಾರ್."

ಇಷ್ಟು ವರ್ಷ ಎಷ್ಟೋ ಸುಳ್ಳು ಹೇಳಿದ್ದೇನೆ ಅಪ್ಪಾ. ಇದೊಂದನ್ನು ಹೇಳಬಾರದಿತ್ತು.

ಅಮ್ಮ ನನ್ನನ್ನು ನೋಡಲೇ ಇಲ್ಲ. ಡ್ರೈವರ್ ಕಿಟಕಿಯ ಹತ್ತಿರ ಹೋಗಿ, "ಇನ್ನೊಂದ್ ಸಲ ಹಿಂದಕ್ ತಗೊಳಪ್ಪ" ಎಂದಳು.

ಅವರು ತೆಗೆದುಕೊಂಡರು. ನೀವು ಜಾಗ ಐತೆ, ಜಾಗ ಐತೆ ಎನ್ನುತ್ತಲೇ ಇದ್ದಿರಿ. ಹಿಂದಿದ್ದ ಲೈಟ್ ಕಂಬ ತಾಕುವವರೆಗೂ ಅಮ್ಮ ಸಾಕು ಅನ್ನಲಿಲ್ಲ.