ಹದಿನಾಲ್ಕು ಬೇವು ಹೋದವು, ನೂಲು ಹರಿಯಿತು

ರಸ್ತೆ ಅಗಲ ಮಾಡುವ ಕಚೇರಿಯ ಮಾನ್ಯ ಸಾಹೇಬರೇ,

ಇಳಕಲ್ಲಿನ ನಮ್ಮ ಓಣಿಯ ಇಪ್ಪತ್ಮೂರು ಬೇವಿನ ಮರಗಳಲ್ಲಿ ಹದಿನಾಲ್ಕನ್ನು ತಾವು ಕಡಿಸಿದ್ದೀರಿ. ಉಳಿದ ಒಂಬತ್ತಕ್ಕೆ ಬರುವ ಸೋಮವಾರ ಕೊಡಲಿ ಬೀಳುತ್ತದಂತೆ. ಬೇಡವೆಂದು ನಾವು ಕೊಟ್ಟ ಅರ್ಜಿಗೆ, ‘ಸ್ಥಳೀಯ ಹವಾಮಾನದ ಮೇಲೆ ಯಾವುದೇ ಪರಿಣಾಮ ಕಂಡುಬಂದಿರುವುದಿಲ್ಲ’ ಎಂದು ಉತ್ತರವನ್ನೂ ದಯಪಾಲಿಸಿದ್ದೀರಿ. ಅದನ್ನು ಓದುವಾಗ ನನ್ನ ಬೆವರು ಬಿದ್ದು ತಮ್ಮ ಸಹಿ ಅಳಿಸಿಹೋಯಿತು. ದಯವಿಟ್ಟು ಇನ್ನೊಂದು ಪ್ರತಿ ಕಳಿಸಬೇಕು.

ನಾನು ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಅದು ತಮ್ಮ ದುರ್ದೈವ. ಸೀರೆಯ ಹಾಸಿನ, ಅಂದರೆ ಉದ್ದ ಎಳೆಗಳ, ನೂಲಿಗೆ ಗಂಜಿ ಹಚ್ಚುವುದರಲ್ಲಿ ಇಲ್ಲಿಂದ ಹುನಗುಂದದವರೆಗೆ ನನ್ನ ಸರಿಸಮಾನರು ಇಲ್ಲ. ಇದ್ದರೂ ಅವರು ನನ್ನ ಶಿಷ್ಯರು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಓಣಿಯುದ್ದಕ್ಕೂ ಮರದಿಂದ ಮರಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ನೆರಳಿನಲ್ಲಿ ಮೆಲ್ಲಗೆ ಒಣಗಿದ ನೂಲು ಬಾಗುತ್ತದೆ. ಬಿಸಿಲಿನಲ್ಲಿ ಒಣಗಿದ್ದು ಸೆಟೆದು ಮುರಿಯುತ್ತದೆ, ಥೇಟ್ ಕೆಲವು ಅಧಿಕಾರಿಗಳ ಹಾಗೆ. ಎಳೆದು ಕಟ್ಟಿದ ಹಾಸನ್ನು ನಮ್ಮ ಓಣಿಯಲ್ಲಿ ಯಾರೂ ಹಾಯುವುದಿಲ್ಲ. ಮದುವೆಯ ಮೆರವಣಿಗೆಯೂ ಬಾಜಾ ನಿಲ್ಲಿಸಿ ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತದೆ.

ಮರ ಬಿದ್ದ ಮೇಲೆ ಬಿಸಿಲಿನಲ್ಲೇ ಗೂಟ ನೆಟ್ಟು ಮೊದಲು ಎಳೆದದ್ದು ಎದುರುಮನೆಯ ಶೇಖವ್ವನ ಹಾಸು. ನಲವತ್ತು ವರ್ಷದಿಂದ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗ ನೇಯುವವಳು ಆಕೆ. ಮಗ್ಗಕ್ಕೆ ಏರಿಸಿದ ಮೂರನೆಯ ದಿನವೇ, ಹರಿದ ಎಳೆಗಳನ್ನು ಉಡಿಯಲ್ಲಿ ತುಂಬಿಕೊಂಡು ನನ್ನ ಬಾಗಿಲಿಗೆ ಬಂದಳು.

“ಅಮೀನಣ್ಣಾ, ನೂಲಿಗೆ ಗಂಜಿ ಹಚ್ಚೀಯೇನ, ಇಲ್ಲಾ ಹಪ್ಪಳಾ ಒಣಗಿಸೀಯೇನ?”

“ಗಂಜಿ ಅದ ಐತಿ, ಕೈನೂ ಅದ ಐತಿ ಶೇಖವ್ವಾ. ನೆರಳ ಇಲ್ಲ.”

“ನೆರಳ ನಾ ಎಲ್ಲಿಂದ ತರ್ಲಿ? ಇನ್ನೊಂದ ಹಾಸ ಹಿಂಗಾತಂದ್ರ ಮಗ್ಗಾ ಬಿಚ್ಚಿ ಕುಣಿ ಮುಚ್ಚಿಬಿಡ್ತೇನಿ.”

ಮೂವತ್ತು ವರ್ಷದ ನನ್ನ ಹೆಸರು ಹಪ್ಪಳದ ಲೆಕ್ಕಕ್ಕೆ ಇಳಿಯಿತು. ಆದರೆ ತಮ್ಮ ಕಡತದಲ್ಲಿ ಪರಿಣಾಮವಿಲ್ಲ!

ಈ ನಿರ್ಣಯಕ್ಕೆ ಬಂದ ಬಗೆಯನ್ನು ತಿಳಿಯಲು ತಮ್ಮ ಕಚೇರಿಗೇ ಬಂದಿದ್ದೆ. ಸೆಕೆ ಅಳೆಯುವ ತಮ್ಮ ತಾಪಮಾಪಕವು ಆವರಣದ ದೊಡ್ಡ ಹುಣಸೆಮರದ ಟೊಂಗೆಯಲ್ಲಿ ಹಾಯಾಗಿ ತೂಗುತ್ತಿತ್ತು. “ಇದನ್ಯಾಕ ಇಲ್ಲಿ ತೂಗಹಾಕೀರಿ?” ಎಂದು ತಮ್ಮ ಜವಾನ ಚೇತನಕುಮಾರನನ್ನು ಕೇಳಿದೆ. “ಬಿಸಲಾಗ ಇಟ್ರ ಕೆಡತೈತ್ರಿ ಕಾಕಾ” ಎಂದ ಪ್ರಾಮಾಣಿಕ. ಮರ ಹೋದ ಓಣಿಯ ಸೆಕೆಯನ್ನು ಮರ ಇರುವ ಕಚೇರಿಯಲ್ಲಿ ಅಳೆಯುವ ಈ ಜಾಣತನ ಯಾವ ಸಾಲೆಯಲ್ಲಿ ಕಲಿಸುತ್ತಾರೆ? ಬಿಸಿಲಿಗೆ ಯಂತ್ರ ಕೆಡುತ್ತದೆ, ಶೇಖವ್ವನ ನೂಲು ಕೆಡುವುದಿಲ್ಲವೇ?

ಮರ ಬೇರಿನಿಂದ ಕುಡಿದ ನೀರನ್ನು ಎಲೆಯಿಂದ ಗಾಳಿಗೆ ಬಿಡುತ್ತದೆ, ಅದರಿಂದ ಸುತ್ತಲಿನ ಹವೆ ತಂಪಾಗುತ್ತದೆ ಎಂಬುದು ನನ್ನ ಏಳನೇ ಇಯತ್ತೆಯ ಪಾಠ. ತಾವು ಅದಕ್ಕಿಂತ ಭಾಳ ಮುಂದೆ ಓದಿರುವುದರಿಂದ ಮರೆತಿರಬಹುದು. ಕಲ್ಲುಗಣಿಗಾಗಿ ಊರ ಸುತ್ತಲ ಗುಡ್ಡದ ಹುಲ್ಲು, ಪೊದೆಗಳನ್ನು ಮೊದಲೇ ಕೆರೆದಾಗಿದೆ. ಬೋಳು ಬಂಡೆ ಹಗಲೆಲ್ಲ ಕಾದು ಸಂಜೆಗೆ ನಮ್ಮ ಕಡೆ ಉಸಿರು ಬಿಡುತ್ತದೆ. ಒಂದು ಬೇವಿನಿಂದ ಮಳೆ ಬರುತ್ತದೆಂದು ನಾನು ಹೇಳುವುದಿಲ್ಲ, ಅಷ್ಟು ದಡ್ಡನಲ್ಲ. ಆದರೆ ಮರೋಳದಿಂದ ತುಳಸಿಗೇರಿಯವರೆಗೆ ಪ್ರತಿಯೊಂದು ಕಚೇರಿಯೂ ‘ನಾವು ಕಡಿದದ್ದು ಹದಿನಾಲ್ಕೇ’ ಎಂದರೆ, ಇಡೀ ಸೀಮೆಯ ಹವೆ ಬದಲಾದದ್ದಕ್ಕೆ ಉತ್ತರ ಕೊಡುವವರು ಯಾರು? ಬೇವಿನ ಮರಗಳೇ?

ಈಗ ಬರೆಯಲು ನಾಚಿಕೆಯಾಗುವ ಮಾತು. ಮರಗಳಿಗೆ ನಂಬರು ಬರೆಯಲು ತಮ್ಮವರು ಬಂದ ದಿನ ಬಣ್ಣದ ಡಬ್ಬಿ ಹಿಡಿದವನು ನಾನೇ. ಜನಗಣತಿಯಲ್ಲಿ ಮನೆಗೆ ನಂಬರು ಹಾಕಿದಂತೆ, ಕಾಪಾಡಲಿಕ್ಕೆ ಎಣಿಸುತ್ತಿದ್ದಾರೆಂದು ತಿಳಿದಿದ್ದೆ. ಅವರು ಇಪ್ಪತ್ತೊಂದಕ್ಕೇ ನಿಂತಿದ್ದರು. “ಏ ಸಾಹೇಬ್ರ, ಓಣಿ ತುದ್ಯಾಗ ಇನ್ನೂ ಎರಡ ಅದಾವ್ರಿ, ಬರ್ಕೋರಿ!” ಎಂದು ಕೈಹಿಡಿದು ಕರೆದೊಯ್ದು ತೋರಿಸಿದೆ. ಮೊದಲ ಕೊಡಲಿ ಬಿದ್ದ ದಿನ ನನ್ನ ಹೆಂಡತಿ ಜೋಹರಾ, “ಕಡಿಯಾವ್ರಿಗೆ ಹಾದಿ ತೋರ್ಸಿ, ಮ್ಯಾಲ ಚಹಾನೂ ಕುಡ್ಸಿ ಕಳ್ಸಿದ್ರಿ. ಭಾಳ ಶಾಣ್ಯಾರ ಬಿಡ್ರಿ ನೀವು” ಎಂದಳು. ಅಂದಿನಿಂದ ನನ್ನ ಚಹಾಕ್ಕೆ ಸಕ್ಕರೆ ಬೀಳುತ್ತಿಲ್ಲ. ಈ ಪರಿಣಾಮವನ್ನೂ ತಮ್ಮ ಕಡತಕ್ಕೆ ಸೇರಿಸಬೇಕಾಗಿ ವಿನಂತಿ.

ಹೋದ ವಾರ ತಾವು ಸ್ಥಳ ಪರಿಶೀಲನೆಗೆ ಬಂದಿರಿ. ತಮ್ಮ ಜೀಪು ಓಣಿಯ ತುದಿಯಿಂದ ತುದಿಗೆ ಎರಡು ಸಲ ತಿರುಗಿ, ಕೊನೆಗೆ ನಿಂತದ್ದು ಇಪ್ಪತ್ಮೂರನೆಯ ಬೇವಿನ ಕೆಳಗೆ; ಅಂದರೆ, ನಾನು ತೋರಿಸಿಕೊಟ್ಟ ಮರದ ಕೆಳಗೆ. ಪರಿಣಾಮವಿಲ್ಲವೆಂದಾದರೆ ಕಡಿದ ಮರಗಳ ಹದಿನಾಲ್ಕು ಬೊಡ್ಡೆಗಳ ಪಕ್ಕ ಜಾಗ ಖಾಲಿ ಇತ್ತಲ್ಲ, ಅಲ್ಲೇ ಏಕೆ ನಿಲ್ಲಿಸಲಿಲ್ಲ? ತಮಗಿಂತ ತಮ್ಮ ಜೀಪಿಗೆ ಹವಾಮಾನ ಚೆನ್ನಾಗಿ ತಿಳಿದಿದೆ.

ನಮ್ಮ ಬೇಡಿಕೆ ಇಷ್ಟು: ಒಂಬತ್ತು ಮರಗಳ ಆದೇಶ ರದ್ದಾಗಬೇಕು, ತಮ್ಮ ತಾಪಮಾಪಕ ನಮ್ಮ ಓಣಿಯ ಬೊಡ್ಡೆಯ ಮೇಲೆ ಒಂದು ಮಧ್ಯಾಹ್ನ ಕೂರಬೇಕು, ಪಕ್ಕದಲ್ಲಿ ತಾವೂ ಕೂರಬೇಕು. ಆಗದಿದ್ದರೆ ಸೋಮವಾರ ಕೊಡಲಿ ಕಳಿಸಿರಿ. ಅಂದು ಮುಂಜಾನೆ ಹದಿನೈದನೆಯ ಮರದಿಂದ ಇಪ್ಪತ್ಮೂರನೆಯ ಮರದವರೆಗೆ ಶೇಖವ್ವನ ಹೊಸ ಹಾಸು ಎಳೆದು ಕಟ್ಟುತ್ತೇವೆ, ಗಂಜಿ ನಾನೇ ಹಚ್ಚುತ್ತೇನೆ. ಮೆರವಣಿಗೆಯೂ ದಾಟದ ಆ ನೂಲನ್ನು ದಾಟುವ ಮೊದಲಿಗರು ತಾವಾಗುತ್ತೀರೋ, ಅಥವಾ ಹಿಂದಿನ ಓಣಿಯಿಂದ ಸುತ್ತಿ ಕಚೇರಿಗೆ ಮರಳುತ್ತೀರೋ, ಓಣಿಯೆಲ್ಲ ನಿಂತು ನೋಡುತ್ತೇವೆ.

ಇಂತಿ,
ಬಣ್ಣದ ಡಬ್ಬಿ ಹಿಡಿದ ತಪ್ಪಿಗೆ ಗಂಜಿಯ ಕುಂಚ ಹಿಡಿದು ನಿಂತಿರುವ, ಸಕ್ಕರೆಯಿಲ್ಲದ ಚಹಾದ
ಅಮೀನಸಾಬ, ಇಳಕಲ್