ಬೀಗ ಹಾಕಿದ ಮನೆಯ ಚೊಂಬು

ಭಾನುವಾರ, ಅಕ್ಟೋಬರ್ ೨೯, ೧೯೭೮. ಟೊರೆನ್ಸ್.

ಇವರು ಆ ಚೊಂಬಿನ ನೀರು ಚೆಲ್ಲಿಯೇ ಬಂದಿರುತ್ತಾರೆ ಎಂದು ದಾರಿಯುದ್ದಕ್ಕೂ ಒಳಗೊಳಗೇ ಕುದಿಯುತ್ತಿದ್ದೆ.

ಬೆಟ್ಟದ ಮೇಲಿನ ಬಿಗ್ ಬೇರ್ ಕೆರೆ ದಂಡೆಯಲ್ಲಿರುವ, ರಜೆಗೆ ಹೋಗಿ ಇರುವ ನಮ್ಮ ಪುಟ್ಟ ಮರದ ಮನೆ ಕ್ಯಾಬಿನ್ನನ್ನು ಇವತ್ತು ಚಳಿಗಾಲಕ್ಕೆಂದು ಮುಚ್ಚಿದೆವು. ನಾನು ಹಾಸಿಗೆ ಸುತ್ತಿಟ್ಟೆ, ಇಲಿಗೆ ಸಿಗದಂತೆ ಅಕ್ಕಿ ಬೇಳೆ ಎಲ್ಲ ಕಾರಿಗೆ ಹಾಕಿದೆ. ಇವರು ಪೈಪುಗಳಲ್ಲಿ ಒಂದು ಹನಿಯೂ ಉಳಿಯದಂತೆ ನೀರು ಬಸಿದರು. ಉಳಿದರೆ ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ಅಷ್ಟೆಲ್ಲ ಆದ ಮೇಲೆ ನಾನು ಅಮ್ಮ ಕೊಟ್ಟ ಹಿತ್ತಾಳೆ ಚೊಂಬಿನ ತುಂಬ ಕೆರೆಯ ನೀರು ತಂದು ದೇವರ ಪಟದ ಮುಂದಿಟ್ಟೆ. ಬೀಗ ಹಾಕುವ ಮನೆಯಲ್ಲಿ ನೀರಿರಬೇಕು. ಊರಿಗೆ ಹೊರಟಾಗಲೆಲ್ಲ ಅಮ್ಮ ಹಾಗೇ ಮಾಡುತ್ತಿದ್ದಳು.

"ಅನಸೂಯಾ, ಬೆಳಗ್ಗಿಂದ ನಾನು ಮಾಡಿದ್ದೇನು, ನೀನೀಗ ಮಾಡ್ತಿರೋದೇನು?" ಎಂದರು.

ನಾನು ಹೋಗಿ ಕಾರಿನಲ್ಲಿ ಕೂತೆ. ಇವರು ಕಿಟಕಿ ನೋಡಿ ಬರುತ್ತೇನೆಂದು ಮತ್ತೆ ಒಳಗೆ ಹೋದರು.

ರಾತ್ರಿ ಮನೆಗೆ ಬಂದು ಊಟಕ್ಕೆ ಕೂತಾಗ ತಡೆಯಲಾಗದೆ ಕೇಳಿಬಿಟ್ಟೆ. "ಚೆಲ್ಲಿಬಿಟ್ರಾ?"

"ಪೂರ್ತಿ ಚೆಲ್ಲಲಿಲ್ಲ," ಎಂದರು, ಮೊಸರನ್ನ ಕಲಸುತ್ತಾ. "ಅರ್ಧ ಬಿಟ್ಟಿದೀನಿ. ಹೆಪ್ಪುಗಟ್ಟಿದ್ರೆ ನೀರು ಹಿಗ್ಗತ್ತೆ, ಅದಕ್ಕೂ ಜಾಗ ಬೇಕಲ್ಲ."

ಅರ್ಧ ಚೊಂಬು ಶಾಸ್ತ್ರಕ್ಕೆ ಸಾಲುತ್ತದೋ ಇಲ್ಲವೋ, ಕೇಳೋಣವೆಂದರೆ ಈಗ ಅಮ್ಮನೂ ಇಲ್ಲ. ಬೇಡ ಬೇಡ ಎಂದರೂ ಇವರಿಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.