ಅಮ್ಮನಿಗೆ ಬೇಕಾದ ಇಂಗ್ಲಿಷ್

ಜಂಗಮಕೋಟೆ
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಪವಿತ್ರಕ್ಕ,

ಹೇಗಿದ್ದೀಯ? ಆಸ್ಪತ್ರೆಯ ಡ್ಯೂಟಿಯಲ್ಲಿ ನಿಂತೂ ನಿಂತೂ ನಿನ್ನ ಕಾಲು ಊದುತ್ತಿತ್ತಲ್ಲ, ಈಗ ಪರವಾಗಿಲ್ಲವೆ? ಭಾವನ ಕೆಮ್ಮು ಕಡಿಮೆಯಾಯಿತೆ? ಗೌರಿಬಿದನೂರಿನಲ್ಲೂ ಇಷ್ಟು ಚಳಿ ಇದೆಯೋ ಏನೋ, ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಓಡಾಡು. ಇಲ್ಲಿ ಅಪ್ಪ, ಅಜ್ಜಿ, ನಾನು ಚೆನ್ನಾಗಿದ್ದೇವೆ. ಅಮ್ಮನ ವಿಷಯ ಬೇರೆಯಾಗಿಯೇ ಬರೆಯಬೇಕು, ಅದಕ್ಕೇ ಈ ಕಾಗದ. ಫೋನ್ ಮಾಡಿದರೆ ಅವಳು ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಅವಳ ಎದುರಿಗೇ ಅವಳ ಮೇಲಿನ ಅನುಮಾನ ಹೇಳುವಷ್ಟು ಧೈರ್ಯ ನನಗಿಲ್ಲ ಎಂದು ನಿನಗೆ ಗೊತ್ತು.

ಅಮ್ಮ ಇಂಗ್ಲಿಷ್ ಕಲಿಯುತ್ತಿದ್ದಾಳೆ. ನಗಬೇಡ. ದೀಪಾವಳಿ ಆದಮೇಲೆ ಒಂದು ಮಧ್ಯಾಹ್ನ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಾ, “ಕವಿತಮ್ಮ, ನಂಗೂ ಸ್ವಲ್ಪ ಹೇಳ್ಕೊಡೇ” ಎಂದಳು. ಶಿಡ್ಲಘಟ್ಟದ ಟ್ಯೂಷನ್ನಿನಲ್ಲಿ ಮಕ್ಕಳಿಗೆ ಹೇಳಿಕೊಡುವ ಹಾಗೆ ಹೆಸರು, ಊರು ಅಂತ ಶುರು ಮಾಡಿದೆ. “ಅದೆಲ್ಲ ಬೇಡ ಕಣೇ. ಏಳು, ಇಳಿ, ಹಿಡ್ಕೋ, ಅಂಥವು ಹೇಳು” ಎಂದಳು. ಸರಿ, ‘ಗೆಟ್’ನಿಂದ ತೊಡಗಿದೆ. ಅದರ ಮುಂದೆ ‘ಅಪ್’ ಇಟ್ಟರೆ ಏಳುವುದು, ‘ಆನ್’ ಇಟ್ಟರೆ ಬಸ್ಸು ಹತ್ತುವುದು, ‘ಆಫ್’ ಇಟ್ಟರೆ ಇಳಿಯುವುದು, ‘ಓವರ್’ ಇಟ್ಟರೆ ಕಾಯಿಲೆಯಿಂದ ಚೇತರಿಸಿಕೊಳ್ಳುವುದು. ಟ್ಯೂಷನ್ನಿನ ಮಕ್ಕಳು ಈ ಪಾಠಕ್ಕೆ ಬಂದಾಗಲೆಲ್ಲ ತಲೆ ಕೆರೆದುಕೊಳ್ಳುತ್ತಾರೆ. ಅಮ್ಮ ಮಾತ್ರ, “ನಮ್ಮಲ್ಲೂ ಐತಲ್ಲ. ತಿಂದುಬಿಡು ಅಂದ್ರೆ ತಿನ್ನೋದನ್ನ ಬಿಡು ಅಂತಾನಾ?” ಎಂದು ನಕ್ಕು ಸೊಪ್ಪಿನ ಕಡೆ ತಿರುಗಿದಳು.

ಅಲ್ಲಿಯವರೆಗೆ ನನಗೂ ಖುಷಿಯೇ. ಆಮೇಲೆ ಅವಳು ಕೇಳತೊಡಗಿದ ಮಾತುಗಳು ವಿಚಿತ್ರವಾಗಿದ್ದವು. ಅಂಗಡಿಯಲ್ಲಿ ಬೇಕಾದ ಮಾತಿಲ್ಲ, ಬಸ್ಸಿನಲ್ಲಿ ಬೇಕಾದ ಮಾತಿಲ್ಲ. ಮಲಗಿರುವವರು ದಿಂಬಿಗೆ ಒರಗಿ ಕೂರಲಿ ಎನ್ನುವುದಕ್ಕೆ ಏನನ್ನಬೇಕು? ‘ಸಿಟ್ ಅಪ್’. ಈ ಮಗ್ಗುಲಿಗೆ ತಿರುಗಿ ಎನ್ನುವುದಕ್ಕೆ? ‘ಟರ್ನ್ ಓವರ್’. ನನ್ನ ಮೇಲೆ ಭಾರ ಹಾಕಿ ಎನ್ನುವುದಕ್ಕೆ? ‘ಲೀನ್ ಆನ್ ಮಿ’. ನಮ್ಮ ಮನೆಯಲ್ಲಿ ಯಾರು ಮಲಗಿದ್ದಾರೆ, ಹೇಳು. ಅಜ್ಜಿ ಮಲಗುವುದಿರಲಿ, ಒಂದು ಕಡೆ ಕೂರುವುದೇ ಕಷ್ಟ.

ಚಿಂತಾಮಣಿ ಬಸ್ ನಿಲ್ದಾಣದ ಗೋಡೆಯ ಮೇಲೆ ಒಂದು ಪೋಸ್ಟರ್ ಅಂಟಿಸಿದ್ದಾರೆ: ಕುವೈತಿನಲ್ಲಿ ವೃದ್ಧರನ್ನು ನೋಡಿಕೊಳ್ಳಲು ಹೆಂಗಸರು ಬೇಕು, ಸ್ವಲ್ಪ ಇಂಗ್ಲಿಷ್ ಸಾಕು. ಅದನ್ನು ಓದಿದ ದಿನದಿಂದ ಅಮ್ಮ ಅಲ್ಲಿಗೇ ಹೊರಟಿದ್ದಾಳೆ ಎಂಬ ಅನುಮಾನ ನನಗೆ. ಅಮ್ಮ ಮಂಗಳವಾರ, ಶುಕ್ರವಾರ ಚಿಂತಾಮಣಿಗೆ ಹೋಗುತ್ತಿದ್ದಾಳೆ, ತರಕಾರಿ ಬೀಜ ನೋಡಬೇಕು ಎಂಬ ನೆಪ. ಬೀಜ ಒಂದು ಸಲವೂ ಮನೆಗೆ ಬಂದಿಲ್ಲ. ಬಂದ ಮೇಲೆ ತಲೆಗೆ ನೀರು ಹಾಕಿಕೊಳ್ಳುತ್ತಾಳೆ, ಆದರೂ ರೇಷ್ಮೆ ಹುಳುಮನೆಯ ಹೊಸ್ತಿಲು ದಾಟುವುದಿಲ್ಲ, ಸೊಪ್ಪಿನ ಬುಟ್ಟಿ ಬಾಗಿಲಲ್ಲೇ ಇಟ್ಟು ಅಪ್ಪನನ್ನು ಕೂಗುತ್ತಾಳೆ. ಹುಳುಮನೆಗೆ ಹೂವು ಮುಡಿದು ಸಹ ಹೋಗಬಾರದು, ಕಾಯಿಲೆಯವರನ್ನು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಬೆಳೆಯೇ ಹೋಗುತ್ತದೆ ಎನ್ನುವ ಅಜ್ಜಿಯ ಶಿಸ್ತು ನಿನಗೆ ಗೊತ್ತು. ಮೊನ್ನೆ ಶುಕ್ರವಾರ ಅಜ್ಜಿಯೇ ಕೇಳಿದಳು, “ಏನಮ್ಮ ಆಂಜಿನಮ್ಮ, ಹುಳು ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ಸೊಪ್ಪಿಗೆ ಬಾಯ್ಬಿಡ್ತಾ ಅವೆ, ನೀನು ನೆಂಟರ ಥರ ಬಾಗಿಲಲ್ಲಿ ನಿಂತಿದೀಯ?” ಅಮ್ಮ ಸೊಂಟ ನೋವು ಅಂದಳು. ಅವಳ ಕೈ ಡೆಟಾಲ್ ವಾಸನೆ ಹೊಡೆಯುತ್ತಿತ್ತು.

ನಿನ್ನೆ ಟ್ಯೂಷನ್ನಿಗೆ ರಜೆ ಹಾಕಿ ಹಿಂದೆಯೇ ಹೋದೆ. ಶಿಡ್ಲಘಟ್ಟದಲ್ಲಿ ಅವಳು ಚಿಂತಾಮಣಿ ಬಸ್ಸಿಗೆ ಮುಂದಿನ ಬಾಗಿಲಿಂದ ಹತ್ತಿದಳು, ನಾನು ದುಪಟ್ಟಾ ತಲೆಗೆ ಹೊದ್ದು ಹಿಂದಿನಿಂದ. ಚಿಂತಾಮಣಿಯಲ್ಲಿ ಇಳಿದು ಮಾರುಕಟ್ಟೆ ದಾಟಿ ಒಂದು ಗಲ್ಲಿಯ ಕೊನೆಯ ಮನೆಗೆ ಹೋದಳು. ಏಜೆಂಟನ ಬೋರ್ಡು ಇರುತ್ತದೆ ಎಂದುಕೊಂಡಿದ್ದೆ. ಒಣಗಲು ಹಾಕಿದ್ದ ಬೆಡ್‌ಶೀಟುಗಳಿದ್ದವು, ಅಷ್ಟೆ. ಕಿಟಕಿ ತೆರೆದಿತ್ತು. ಮಂಚದ ಮೇಲೆ ನರ್ಸಮ್ಮ.

ನಮ್ಮ ಊರಿನ ಉಪಕೇಂದ್ರದಲ್ಲಿದ್ದರಲ್ಲ, ಅದೇ ನರ್ಸಮ್ಮ. ನಾನು ಹುಟ್ಟುವಾಗ, ಮನೆಯಲ್ಲೇ ಹೆರಿಗೆ ಆಗಲಿ ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತರೂ ಕೇಳದೆ ಅಮ್ಮನನ್ನು ಟೆಂಪೋ ಹತ್ತಿಸಿ ಆಸ್ಪತ್ರೆಗೆ ಸೇರಿಸಿದವರು. ಈಗ ಪಾರ್ಶ್ವವಾಯು. ಒಂದು ಕಡೆ ಕೈಕಾಲು ಬಿದ್ದುಹೋಗಿದೆ. ಅವರು ಕೆಜಿಎಫ್‌ನಲ್ಲಿ ಮನೆಮಾತೇ ಇಂಗ್ಲಿಷ್ ಆಗಿ ಬೆಳೆದವರಂತೆ. ಆಮೇಲೆ ಕಲಿತ ಕನ್ನಡ, ತೆಲುಗು ಎರಡೂ ಈ ಕಾಯಿಲೆಯಲ್ಲಿ ಅಳಿಸಿಹೋಗಿ ಅದೊಂದೇ ಉಳಿದಿದೆ. ಮಗಳು ಸ್ಕೂಲು ಟೀಚರು, ಕೆಲಸದವಳು ಬಾರದ ಎರಡು ದಿನ ನೋಡಿಕೊಳ್ಳಲು ಯಾರೂ ಇರಲಿಲ್ಲವಂತೆ. ಇದನ್ನೆಲ್ಲ ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನೇ ಹೇಳಿದಳು, ಏಕೆಂದರೆ ಕಿಟಕಿಯ ಬಳಿ ನಾನು ಸಿಕ್ಕಿಬಿದ್ದೆ. ಅದಕ್ಕೂ ಮುಂಚೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಅಮ್ಮ ಅವರ ಕಂಕುಳಿಗೆ ಕೈ ಹಾಕಿ, “ಲೀನ್ ಆನ್ ಮಿ ಅಮ್ಮಾ, ಲೀನ್ ಆನ್ ಮಿ” ಎನ್ನುತ್ತಿದ್ದಳು. ಅವರು ಪೂರ್ತಿ ಭಾರ ಬಿಟ್ಟು ಅವಳ ಭುಜಕ್ಕೆ ಒರಗಿದರು.

ಇಷ್ಟಾದರೂ ನನ್ನ ಅನುಮಾನ ಮುಗಿದಿಲ್ಲ, ಈಗ ಅದು ನಿನ್ನ ಕಡೆ ತಿರುಗಿದೆ. ರೋಗಿಯ ಮೊಣಕಾಲು ಮೊದಲು ಮಡಿಸಿ, ಆಮೇಲೆ ಭುಜ ಹಿಡಿದು ತಿರುಗಿಸುವುದನ್ನು ಅಮ್ಮನಿಗೆ ಯಾರು ಹೇಳಿಕೊಟ್ಟರು? ನರ್ಸಮ್ಮನಿಗೆ ಹೀಗಾಗಿದೆ ಎಂಬ ಸುದ್ದಿ ಅವಳಿಗೆ ಎಲ್ಲಿಂದ ಬಂತು? ಕೇಳಿದರೆ “ಯಾರೋ ಹೇಳಿದ್ರು ಬಿಡೇ” ಎಂದು ಬಸ್ಸಿನ ಕಿಟಕಿಯ ಹೊರಗೆ ನೋಡಿದಳು. ಆ ಯಾರೋ ನೀನೇ ತಾನೆ? ನನಗೊಬ್ಬಳಿಗೆ ಹೇಳಿದ್ದರೆ ಊರೆಲ್ಲ ಸಾರಿಬಿಡುತ್ತಿದ್ದೆನೆ? ನಾಲ್ಕು ಜನರ ಮುಂದೆ ಬಾಯಿ ಬಿಡಲಾರದವಳು ನಾನು. ಅಜ್ಜಿಗೆ ಗೊತ್ತಾದರೆ ಅಮ್ಮನ ಚಿಂತಾಮಣಿ ಪ್ರಯಾಣ ಅಲ್ಲಿಗೇ ನಿಂತುಹೋಗುತ್ತದೆ, ನರ್ಸಮ್ಮ ಮತ್ತೆ ಒಬ್ಬರೇ ಆಗುತ್ತಾರೆ. ಅದಕ್ಕೇ ಈ ಕಾಗದ ಓದಿ ಜೋಪಾನವಾಗಿಡು.

ಭಾವನಿಗೆ, ನಿಮ್ಮತ್ತೆಗೆ ನಮಸ್ಕಾರ ತಿಳಿಸು. ಚಿನ್ನುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ
ಕವಿತ

ಕೊನೆಯ ಮಾತು: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅಜ್ಜಿಗೆ ತಿಳಿದೇ ಹೋಯಿತು. ಅಮ್ಮನೇ ಹೇಳಿಬಿಟ್ಟಳು, ಸುಳ್ಳು ಸಾಕಾಯ್ತು ಅಂದಳು. ಅಜ್ಜಿ ಕೂಗಾಡಲಿಲ್ಲ, ನನಗೆ ಅದೇ ಹೆಚ್ಚು ಭಯ. “ನನ್ನ ಮಾತು ಮೀರಿ ನಿನ್ನ ಟೆಂಪೋ ಹತ್ತಿಸಿದೋಳಲ್ವಾ? ಹುಳು ಗೂಡು ಕಟ್ಟೋಕೆ ಚಂದ್ರಿಕೆಗೆ ಹಾಕಿದ ಮೇಲೆ ಮಂಗಳವಾರ ನಾನೂ ಬರ್ತೀನಿ. ಇಪ್ಪತ್ತೆರಡು ವರ್ಷದ ಮಾತು ಐತೆ ಅವಳ ಹತ್ರ. ಕವಿತ, ನೀನೂ ಹೊರಡು. ನಾನು ಹೇಳಿದ್ದು ಹೇಳಿದಂಗೆ ಇಂಗ್ಲಿಷಲ್ಲಿ ಹೇಳ್ಬೇಕು, ಒಂದು ಮಾತೂ ನುಂಗಬೇಡ” ಎಂದು ಹುಳುಮನೆಗೆ ಹೋದಳು. ಬೈಯಲು ಬರುತ್ತಾಳೋ, ನೋಡಲು ಬರುತ್ತಾಳೋ ಅವಳ ಮುಖದಲ್ಲಿ ಕಾಣಲಿಲ್ಲ. ಹೇಗಾದರೂ ರಜೆ ಹಾಕಿ ಮಂಗಳವಾರ ಚಿಂತಾಮಣಿಗೆ ಬಂದುಬಿಡು ಅಕ್ಕ. ನಿನಗಾದರೆ ಅಜ್ಜಿಯ ಮಾತನ್ನು ಅರ್ಧದಾರಿಯಲ್ಲಿ ಮೆತ್ತಗೆ ಮಾಡಿ ದಾಟಿಸುವುದು ಗೊತ್ತು. ನಾನೊಬ್ಬಳೇ ನಿಂತರೆ ಹೆದರಿಕೆಗೆ ಎಲ್ಲವನ್ನೂ ಸರಿಯಾಗಿಯೇ ಹೇಳಿಬಿಡುತ್ತೇನೆ.